ಬಿಟ್ಟ ಪ್ರಶ್ನೆಯಲ್ಲಿ ತಪ್ಪಿರುವುದಿಲ್ಲ

ಅವರು ಕನ್ನಡಕ ತೆಗೆದರೆಂದರೆ ತೀರ್ಪು ಹತ್ತಿರ ಬಂತು ಎಂದು ತಿಳಿಯಬೇಕು. ಮಗಳು ತೊಡಿಸಿದ ದಪ್ಪ ಜ್ಯಾಕೆಟ್ಟಿನ ಒಳಗಿನಿಂದ ಅಂಗಿಯ ತುದಿಯನ್ನು ಹೊರಗೆಳೆದು ಎಡಗಾಜು, ಬಲಗಾಜು, ಮತ್ತೆ ಎಡಗಾಜು ಒರೆಸುವರು. ಹಾಕಿಕೊಂಡ ಮೇಲೆ ಒಂದು ನಿಟ್ಟುಸಿರು. ಪೆನ್ಸಿಲ್ ಕಾಗದಕ್ಕೆ ತಾಗುವುದು ಅದಾದ ಮೇಲೆಯೇ.

ಮೈಸೂರಿನ ಹೈಸ್ಕೂಲೊಂದರಲ್ಲಿ ಆಯುಷ್ಯವೆಲ್ಲ ಗಣಿತ ಹೇಳಿಕೊಟ್ಟು, ಬೇಸಿಗೆ ಬಂತೆಂದರೆ ಹತ್ತನೇ ತರಗತಿಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದವರು ಅವರು. ಕೊನೆಗಾಲಕ್ಕೆ ಮೆಲ್ಬರ್ನಿನ ಪಶ್ಚಿಮದ ಅಂಚಿನ ನಮ್ಮ ಟ್ರುಗನಿನಾದಲ್ಲಿ, ಗೋದಾಮುಗಳ ಬೆನ್ನಿಗಿದ್ದ ಒಂದು ಬೇಸ್‌ಬಾಲ್ ಮೈದಾನದ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತರು. ಚೆಂಡು ಹಿಡಿದ ಹುಡುಗಿಯರನ್ನೂ ಬಿಟ್ಟ ಹುಡುಗಿಯರನ್ನೂ ತಿದ್ದಿದರು. ಕ್ಲಬ್ಬಿನವರು ಅವರನ್ನು ಪ್ರೊಫೆಸರ್ ಎನ್ನುತ್ತಿದ್ದರು. ನಾನು ಪ್ರೊಫೆಸರ್ ಅಲ್ಲ, ಮೇಷ್ಟ್ರು ಎಂದು ಮೊದಲ ತಿಂಗಳು ಎಲ್ಲರಿಗೂ ಹೇಳಿ ನೋಡಿದರು. ಆಮೇಲೆ ಸುಸ್ತಾಗಿ ಬಿಟ್ಟರು. ನಮಗೆ ಅಂಕಲ್.

ಕಳೆದ ತಿಂಗಳು ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ, ಮಗನ ಮನೆಯಲ್ಲಿ ತೀರಿಕೊಂಡರು. ಫೋನು ಬಂದಾಗ ನಾನು ಕೆಲಸ ಮುಗಿಸಿ ಫ್ರೀವೇಯಲ್ಲಿ ಒಂದರ ಹಿಂದೊಂದು ನಿಂತ ಕಾರುಗಳ ಮಧ್ಯೆ ಸಿಕ್ಕಿಕೊಂಡಿದ್ದೆ. ಸುಳ್ಳೇಕೆ ಹೇಳಲಿ, ದುಃಖಕ್ಕಿಂತ ಮುಂಚೆ ಬಂದದ್ದು ಆಯಾಸ. ಈ ದೇಶಕ್ಕೆ ಬಂದು ಹದಿನೆಂಟು ವರ್ಷಗಳಲ್ಲಿ ನಮ್ಮ ಮೇಲೆ ನೆರಳು ಹಿಡಿದಿದ್ದ ಹಿರಿಯರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದಾರೆ, ಇನ್ನು ಆ ಜಾಗದಲ್ಲಿ ನಾವೇ ನಿಲ್ಲಬೇಕಲ್ಲ ಎನ್ನುವ ಆಯಾಸ.

ಅವರ ಮಗಳ ಮನೆ ನಮ್ಮ ಮನೆಯ ಬೆನ್ನಿಗೆ ಬೆನ್ನು. ನಡುವೆ ಒಂದು ಮರದ ಬೇಲಿ. ಬೇಲಿಯ ಆಚೆಯಿಂದ ಒಗ್ಗರಣೆ ವಾಸನೆ ಬಂತೆಂದರೆ ಆಂಟಿ ಎದ್ದಿದ್ದಾರೆ, ಕೆಮ್ಮು ಕೇಳಿತೆಂದರೆ ಅಂಕಲ್ ಎದ್ದಿದ್ದಾರೆ. ಮಗಳು ಅಳಿಯ ಇಬ್ಬರೂ ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ಸಂಜೆ ಏಳಕ್ಕೆ. ಅಂಕಲ್‌ಗೆ ಹೊತ್ತು ಹೋಗುತ್ತಿರಲಿಲ್ಲ. ಕಸದ ಬಿನ್‌ಗಳನ್ನು ರಸ್ತೆಗೆ ತಳ್ಳುವುದು, ಒಳಗೆ ತರುವುದು, ಎದುರು ಮನೆಯ ಬಿನ್ ಬಿದ್ದಿದ್ದರೆ ಎತ್ತಿ ನಿಲ್ಲಿಸುವುದು, ಇಷ್ಟೇ ವಾರದ ಉದ್ಯೋಗ.

ನನ್ನ ಮಗಳು ಅನಘ ಶಾಲೆಯಲ್ಲಿ ಯಾರದೋ ಜೊತೆ ಸೇರಿ ಬೇಸ್‌ಬಾಲ್ ಹಿಡಿದಳು. ಭರತನಾಟ್ಯಕ್ಕೆ ಕಳಿಸಿದರೆ ಹೊಟ್ಟೆನೋವು ಎನ್ನುತ್ತಿದ್ದ ಹುಡುಗಿ ಇದಕ್ಕೆ ಭಾನುವಾರ ಆರಕ್ಕೆ ತಾನೇ ಏಳುತ್ತಿದ್ದಳು. ಕ್ಲಬ್ಬಿನಲ್ಲಿ ಪ್ರತಿ ಮನೆಯವರೂ ಸರದಿಯ ಮೇಲೆ ಸ್ಕೋರ್ ಬರೆಯಬೇಕೆಂಬ ಕಟ್ಟಳೆ. ನನ್ನ ಸರದಿ ಬಂದ ದಿನ ಆ ಹಾಳೆ ನೋಡಿ ತಲೆ ತಿರುಗಿತು. ಆಟಗಾರರಿಗೆ ಹೆಸರಿಲ್ಲ, ನಿಲ್ಲುವ ಜಾಗಕ್ಕೊಂದು ಅಂಕಿ. ಜೊತೆಗೆ ಕೂತಿರಲಿ ಎಂದು ಅಂಕಲ್ ಅವರನ್ನು ಕರೆದೊಯ್ದಿದ್ದೆ. ಹತ್ತು ನಿಮಿಷ ನೋಡಿದರು. ಹಾಳೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. ಆಮೇಲೆ ನಾಲ್ಕು ಬೇಸಿಗೆ ಅದನ್ನು ಯಾರಿಗೂ ಕೊಡಲಿಲ್ಲ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಾಲ್ಕು ಬೇಸ್‌ಗಳ ಚೌಕದಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ನಿಲ್ಲುವವಳು ಶಾರ್ಟ್‌ಸ್ಟಾಪ್. ನೆಲದ ಮೇಲೆ ಉರುಳಿ ಬರುವ ಚೆಂಡುಗಳಲ್ಲಿ ಹೆಚ್ಚಿನವು ಅವಳ ಕಡೆಗೇ. ಓಡಿ ಹಿಡಿದು, ತಿರುಗಿ, ಹೊಡೆದವಳು ಮೊದಲ ಬೇಸ್ ಮುಟ್ಟುವುದರೊಳಗೆ ಅಲ್ಲಿಗೆ ಎಸೆಯಬೇಕು. ಆಗಲಿಲ್ಲವೋ, ಸ್ಕೋರರ್ ಒಂದು ತೀರ್ಮಾನ ಬರೆಯಬೇಕು. ಹೊಡೆದವಳ ಜಾಣ್ಮೆಯಾದರೆ ಹಿಟ್. ಹಿಡಿಯುವವಳ ತಪ್ಪಾದರೆ ಎರರ್. ಸಾಮಾನ್ಯ ಪ್ರಯತ್ನಕ್ಕೆ ಸಿಗಬೇಕಾದ ಚೆಂಡು ಕೈತಪ್ಪಿದರೆ ಮಾತ್ರ ಎರರ್ ಎಂದು ನಿಯಮ. ಆ 'ಸಾಮಾನ್ಯ' ಎಷ್ಟು ಉದ್ದ ಎಂದು ಅಳೆಯುವವರು ಆ ಮಡಚುವ ಕುರ್ಚಿಯಲ್ಲಿ ಕೂತವರು.

ಈ ಶಾರ್ಟ್‌ಸ್ಟಾಪ್ ಏನೆಂದು ಆಂಟಿ ಒಮ್ಮೆ ಕೇಳಿದ್ದಕ್ಕೆ ಅಂಕಲ್ ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಅದು ಮನೆಗೆ ಹಿರಿಸೊಸೆ ಇದ್ದ ಹಾಗೆ ಕಣೆ. ಯಾರು ಏನು ಚೆಲ್ಲಿದ್ರೂ ಅವಳೇ ಒರೆಸ್ಬೇಕು. ಒರೆಸೋಕೆ ಹೋಗಿ ಲೋಟ ಉರುಳಿದ್ರೆ ಬೈಸ್ಕೊಳೋದೂ ಅವಳೇ."

ಆಂಟಿ ಹಿರಿಸೊಸೆಯಾಗಿದ್ದವರು. ಎದ್ದು ಒಳಗೆ ಹೋದರು.

ನಮ್ಮ ತಂಡದಲ್ಲಿ ಆ ಜಾಗಕ್ಕೆ ಇಬ್ಬರು. ಒಬ್ಬಳು ನಮ್ಮ ಅನಘ. ಇನ್ನೊಬ್ಬಳು ಜೆಸ್, ಉದ್ದ ಜಡೆಯ, ಮಾತು ಕಡಿಮೆಯ ಹುಡುಗಿ. ಅರ್ಧ ಆಟ ಇವಳು, ಅರ್ಧ ಆಟ ಅವಳು. ಅನಘ ಎಲ್ಲಿಗೆ ಬೇಕಾದರೂ ಓಡುವವಳು. ಹುಲ್ಲಿನಲ್ಲಿ ಬಿದ್ದು, ಉರುಳಿ, ಎದ್ದು ಎಸೆಯುವಳು. ಎಸೆದ ಚೆಂಡು ಒಮ್ಮೊಮ್ಮೆ ಮೊದಲ ಬೇಸ್‌ನವಳ ತಲೆಯ ಮೇಲೆ ಹಾರಿ ಸಾಸೇಜ್ ಸುಡುವವರ ಟೇಬಲ್ಲಿನವರೆಗೂ ಹೋಗುತ್ತಿತ್ತು. ಜೆಸ್ ಓಡುತ್ತಲೇ ಇರಲಿಲ್ಲ. ಬಂದದ್ದನ್ನು ಹಿಡಿದು ಎದೆಯ ಎತ್ತರಕ್ಕೆ ಎಸೆಯುವಳು. ದೂರ ಹೋದದ್ದನ್ನು ತಲೆ ತಿರುಗಿಸಿ ನೋಡುವಳು.

ಇಬ್ಬರಲ್ಲಿ ಯಾರು ಮೇಲು? ಈ ವಾದ ನಮ್ಮ ಕಾರಿನಲ್ಲಿ ಮೂರು ವರ್ಷ ನಡೆಯಿತು. ಮೈದಾನದಿಂದ ಮನೆಗೆ ಹದಿನೈದು ನಿಮಿಷ. ಸಾಲದೆಂದು ಮನೆಯ ಮುಂದೆ ಕಾರು ನಿಲ್ಲಿಸಿಕೊಂಡು ಇನ್ನೂ ಹದಿನೈದು ನಿಮಿಷ.

ಕೋಚ್ ಕ್ರೇಗ್, ಹಗಲೆಲ್ಲ ಟ್ರಕ್ ಓಡಿಸಿ ಸಂಜೆ ಮಕ್ಕಳಿಗೆ ಕಲಿಸುತ್ತಿದ್ದ ಒಳ್ಳೆಯ ಮನುಷ್ಯ, ಸರಳವಾಗಿ ಹೇಳುತ್ತಿದ್ದ. ಕೈಗೆ ಬಂದದ್ದನ್ನು ಬಿಡದವಳೇ ಶಾರ್ಟ್‌ಸ್ಟಾಪ್. ಎರರ್ ಕಾಲಮ್ ನೋಡಿ, ಮುಗಿಯಿತು. ಅಂಕಲ್‌ಗೆ ಅದು ಹಿಡಿಸಲಿಲ್ಲ.

"ಪರೀಕ್ಷೇಲಿ ಇಂಥವರನ್ನ ಎಷ್ಟು ನೋಡಿದೀನಿ," ಎಂದರು. "ಹತ್ತು ಲೆಕ್ಕದಲ್ಲಿ ಆರೇ ಮಾಡ್ತಾರೆ, ಆರೂ ಸರಿ. ಪೇಪರ್ ತುಂಬಾ ಕ್ಲೀನು. ಇನ್ನೊಬ್ಬ ಹತ್ತೂ ಮಾಡಿರ್ತಾನೆ, ಮೂರು ತಪ್ಪು. ಕೆಂಪು ಗೆರೆ ಜಾಸ್ತಿ ಇರೋದು ಯಾರ ಪೇಪರಲ್ಲಿ ಹೇಳಿ? ಬಿಟ್ಟ ಪ್ರಶ್ನೇಲಿ ತಪ್ಪಿರಲ್ಲ ಸ್ವಾಮಿ."

ನನ್ನ ಅಜ್ಜಿಯೂ ಅದನ್ನೇ ಬೇರೆ ರೀತಿಯಲ್ಲಿ ಹೇಳುತ್ತಿದ್ದರು, ನಡೆಯುವವರು ಎಡವದೆ ಕೂತವರು ಎಡವುತ್ತಾರೆಯೇ ಎಂದು. ನಾನು ಹಿಗ್ಗಿದೆ. ಮಗಳ ಪರವಾಗಿ ಗಣಿತವೂ ಇದೆ, ಗಾದೆಯೂ ಇದೆ.

ಆದರೆ ಅಂಕಲ್ ಯಾರನ್ನೂ ಬಹಳ ಹೊತ್ತು ಹಿಗ್ಗಲು ಬಿಡುವವರಲ್ಲ. ಮುಂದಿನ ವಾರ ತಾವೇ ಎದುರು ಪಕ್ಷ ಹಿಡಿದರು. ಮುಟ್ಟಲಾಗದ ಚೆಂಡು ಬಿಟ್ಟರೆ ಎದುರಾಳಿಗೆ ಹೋಗುವುದು ಒಂದು ಬೇಸ್. ಮುಟ್ಟಿ, ಆತುರದಲ್ಲಿ ಎಸೆದು ಕಳೆದರೆ ಎರಡು. ಹಾಗಾದರೆ ಪ್ರಯತ್ನಕ್ಕೆ ಪೂರ್ತಿ ಮಾರ್ಕ್ಸ್ ಕೊಡುವುದು ಹೇಗೆ? ಇನ್ನೊಂದು ವಾರ ಇನ್ನೊಂದು ಸಂಗತಿ ಹಿಡಿದು ತಂದರು. ಅನಘ ಕೆಟ್ಟದಾಗಿ ಎಸೆದದ್ದನ್ನು ಮೊದಲ ಬೇಸ್‌ನ ಹುಡುಗಿ ಬಗ್ಗಿ ಬಾಚಿ ಹಿಡಿದರೆ ಕಾಗದದ ಮೇಲೆ ಅನಘಳ ಹೆಸರು ಚೊಕ್ಕ. ಅದು ಯಾರ ಗುಣ?

ಇದನ್ನೆಲ್ಲ ಬರೆಯಲು ಸ್ಕೋರ್ ಹಾಳೆಯಲ್ಲಿ ಜಾಗವಿರಲಿಲ್ಲ. ಆದ್ದರಿಂದ ಇಂಡಿಯನ್ ಅಂಗಡಿಯಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದರು. ಪುಟಕ್ಕೊಂದು ಚೌಕ. ಚೆಂಡು ಬರುವ ಮುಂಚೆ ಶಾರ್ಟ್‌ಸ್ಟಾಪ್ ಎಲ್ಲಿ ನಿಂತಿದ್ದಳೋ ಅಲ್ಲೊಂದು ಚುಕ್ಕಿ. ಚೆಂಡು ಸಿಕ್ಕ ಅಥವಾ ತಪ್ಪಿದ ಜಾಗದಲ್ಲೊಂದು ಕತ್ತರಿ ಗುರುತು. ಎರಡನ್ನೂ ಸೇರಿಸಿ ಒಂದು ಗೆರೆ. ಅನಘಳ ಪುಟಗಳು ಪಟಾಕಿ ಸಿಡಿದ ಹಾಗೆ, ಎಲ್ಲ ದಿಕ್ಕಿಗೂ ಗೆರೆ. ಜೆಸ್‌ಳವು ಹುರುಳಿಕಾಳು ಚೆಲ್ಲಿದ ಹಾಗೆ, ಮೋಟು ಮೋಟು.

ಒಂದು ಸೀಸನ್ ಪೂರ್ತಿ ಚುಕ್ಕಿ ಇಟ್ಟ ಮೇಲೆ ಒಂದು ಭಾನುವಾರ ಕಾರಿನಲ್ಲಿ ನೋಟ್‌ಬುಕ್ಕನ್ನು ಹಿಂದೆ ಮುಂದೆ ತಿರುವಿದರು. ಆಮೇಲೆ ಜೆಸ್ ಬಗ್ಗೆ ತಾವು ತಪ್ಪು ತಿಳಿದಿದ್ದಾಗಿ ಹೇಳಿದರು. ಅವಳ ಚುಕ್ಕಿಗಳು ಒಂದೇ ಕಡೆ ಇಲ್ಲವಂತೆ. ಪ್ರತಿ ಹೊಡೆತಗಾರ್ತಿಗೂ ನಾಲ್ಕು ಹೆಜ್ಜೆ ಆಚೀಚೆ ಸರಿದು ನಿಂತಿರುತ್ತಾಳೆ. ಚೆಂಡು ಅವಳ ಹತ್ತಿರ ಬರುವುದಲ್ಲ, ಅವಳೇ ಮುಂಚಿತವಾಗಿ ಅದು ಬರುವ ಕಡೆ ಹೋಗಿರುತ್ತಾಳೆ. ಓಡಿದ್ದು ಕಾಣಿಸುತ್ತದೆ, ಓಡದೆ ಮುಗಿಸಿದ್ದು ಕಾಣಿಸುವುದಿಲ್ಲ. ಹಾಗಾದರೆ ಅವಳೇ ಮೇಲೋ ಎಂದು ಕೇಳಿದೆ. ಹಾಗೂ ಹೇಳಲಾಗದು, ಅವಳನ್ನು ದಾಟಿ ಹೋದ ಚೆಂಡುಗಳೂ ಇವೆ, ಅನಘ ಮುಟ್ಟಬಹುದಾಗಿದ್ದವು ಎಂದರು.

"ನೂರು ಚೆಂಡು ನೋಡಿದೆ. ಇನ್ನೊಂದು ನೂರು ನೋಡ್ಬೇಕು ಅಂತ ಗೊತ್ತಾಯ್ತು. ಅಷ್ಟೇ."

ಹಿಂದಿನ ಸೀಟಿನಲ್ಲಿದ್ದ ಅನಘ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು. ಹಾಡೇನೂ ನಡೆಯುತ್ತಿರಲಿಲ್ಲ, ಎಲ್ಲ ಕೇಳಿಸಿಕೊಳ್ಳುತ್ತಿದ್ದಳು ಎಂದು ಬಹಳ ತಡವಾಗಿ ತಿಳಿದೆ.

ಅವಳು ಹತ್ತನೇ ತರಗತಿಯಲ್ಲಿದ್ದ ವರ್ಷ ವಿಷಯ ಬಿಗಿಯಾಯಿತು. ರಾಜ್ಯದ ಕಿರಿಯರ ತಂಡಕ್ಕೆ ನಮ್ಮ ಕಡೆಯ ಕ್ಲಬ್‌ಗಳಿಂದ ಒಬ್ಬಳು ಶಾರ್ಟ್‌ಸ್ಟಾಪ್ ಆಯ್ಕೆಯಾಗಬೇಕಿತ್ತು. ಮನೆಯಲ್ಲಿ ನನ್ನ ಹೆಂಡತಿಗೆ ಮೊದಲಿಂದ ಒಂದೇ ಯೋಚನೆ. ಮುಂದಿನ ಎರಡು ವರ್ಷ ಓದಿನದು. ಅವಳ ಸ್ನೇಹಿತೆಯರೆಲ್ಲ ಒಳ್ಳೆಯ ಶಾಲೆಯೆಂದು ಗ್ಲೆನ್ ವೇವರ್ಲಿಗೆ ಮನೆ ಬದಲಾಯಿಸಿದ್ದರು. ನಮ್ಮ ಮನೆಸಾಲದ ಮಾರ್ಟ್‌ಗೇಜ್‌ಗೆ ಅದು ನಿಲುಕದು, ಕನಿಷ್ಠ ವಾರಾಂತ್ಯದ ಟ್ಯೂಷನ್‌ಗಾದರೂ ಅಲ್ಲಿಗೆ ಕಳಿಸೋಣ ಎಂದು ಅವಳ ಹಟ. ಕೊನೆಗೆ ಮೂವರೂ ಕೂತು ಒಪ್ಪಂದ ಮಾಡಿಕೊಂಡೆವು. ಆಯ್ಕೆಯಾದರೆ ಆಡಲಿ. ಆಗದಿದ್ದರೆ ಬೂಟು, ಗ್ಲವ್ ಎರಡನ್ನೂ ಗ್ಯಾರೇಜಿಗೆ ಹಾಕಿ ಓದಲಿ. ಅನಘ ಒಪ್ಪಿದಳು. ಒಪ್ಪುವಾಗ ಗ್ಲವ್ ಅವಳ ತೊಡೆಯ ಮೇಲಿತ್ತು.

ಈ ಒಪ್ಪಂದ ಅಂಕಲ್‌ಗೆ ಗೊತ್ತಿತ್ತು. ನಾನೇ ಬೇಲಿಯ ಮೇಲಿಂದ ಹೇಳಿದ್ದೆ. ಹೇಳಬಾರದಿತ್ತು ಎಂದು ಈಗ ಅನಿಸುತ್ತದೆ.

ಆಯ್ಕೆ ಮಾಡಲು ಬಂದ ಹೆಂಗಸು ಒಂದೇ ಒಂದು ಆಟ ನೋಡಿದಳು. ಆವತ್ತು ಗಾಳಿ, ತುಂತುರು, ಶಾರ್ಟ್‌ಸ್ಟಾಪ್ ಕಡೆಗೆ ಬಂದದ್ದೇ ಮೂರು ಚೆಂಡು. ನೋಡಿದ್ದು ಸಾಲದೆಂದು ಸೀಸನ್ನಿನ ಸ್ಕೋರ್ ಹಾಳೆಗಳನ್ನು ತರಿಸಿಕೊಂಡಳು. ಎರರ್ ಕಾಲಮ್ಮಿನಲ್ಲಿ ಅನಘಳದು ಹನ್ನೊಂದು, ಜೆಸ್‌ಳದು ನಾಲ್ಕು. ಆಯ್ಕೆ ಜೆಸ್.

ಅನಘ ಅಳಲಿಲ್ಲ. ಹೋಗಿ ಜೆಸ್‌ಳನ್ನು ತಬ್ಬಿಕೊಂಡು ಬಂದಳು. ಕಾರಿನಲ್ಲಿ ಕೂತು ಬೂಟಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತಾ ಕೂತಳು. ನನ್ನ ಹೆಂಡತಿಗೂ ಆ ರಾತ್ರಿ ಊಟ ಸೇರಲಿಲ್ಲ. ಗೆದ್ದವಳಂತೆ ಕಾಣಬಾರದೆಂದು ಒಂದು ವಾರ ಟ್ಯೂಷನ್ನಿನ ಮಾತೇ ಎತ್ತಲಿಲ್ಲ.

ನಾಲ್ಕನೆಯ ದಿನ ಸಂಜೆ ಅಂಕಲ್ ಬಂದರು. ಬೇಲಿಯಿಂದ ಕೂಗುವವರು ಅವತ್ತು ರಸ್ತೆ ಸುತ್ತಿಕೊಂಡು ಬಂದು ಮುಂಬಾಗಿಲ ಗಂಟೆ ಒತ್ತಿದರು. ಕೈಯಲ್ಲಿ ಆ ನೋಟ್‌ಬುಕ್, ಸ್ಕೋರ್ ಹಾಳೆಗಳ ನಕಲು. ಕಾಫಿ ಬೇಡವೆಂದರು. ಟೇಬಲ್ಲಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರು.

"ನಿಮ್ಮ ಮಗಳಿಗೆ ನಾನು ಅನ್ಯಾಯ ಮಾಡಿದೆ," ಎಂದರು.

ಹನ್ನೊಂದರಲ್ಲಿ ಏಳು ಎರರ್ ಅಲ್ಲವೇ ಅಲ್ಲ ಎಂದು ಅವರ ಲೆಕ್ಕ. ನೋಟ್‌ಬುಕ್ಕಿನಲ್ಲಿ ಆ ಏಳಕ್ಕೂ ಗೆರೆ ಉದ್ದವಿತ್ತು. ಬೇರೆ ಯಾವ ಹುಡುಗಿಯೂ ಅಷ್ಟು ದೂರ ಹೋಗುತ್ತಿರಲಿಲ್ಲ. ಅಂಥದೇ ಚೆಂಡು ಜೆಸ್‌ಳನ್ನು ದಾಟಿ ಹೋದಾಗ ಅವರೇ ಹಿಟ್ ಎಂದು ಬರೆದಿದ್ದರು. ಯಾಕೆ ಹೀಗಾಯಿತು ಎಂದು ಅವರೇ ಹೇಳಿದರು. ಸೀಸನ್ನಿನ ಮೊದಲಲ್ಲಿ ಎದುರು ತಂಡದ ಸ್ಕೋರರ್ ಹೆಂಗಸು ಪಕ್ಕದಲ್ಲಿ ಕೂತು, ಆ ಇಂಡಿಯನ್ ಹುಡುಗಿ ನಿಮ್ಮ ಮೊಮ್ಮಗಳೇ ಎಂದು ನಗುತ್ತಾ ಕೇಳಿದಳಂತೆ. ಅಲ್ಲ ಎಂದರಂತೆ. ಕೇಳಿದವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೆ ಅವತ್ತಿನಿಂದ ಅನಘ ಚೆಂಡು ಬಿಟ್ಟಾಗಲೆಲ್ಲ ಇವರ ಕಿವಿಯಲ್ಲಿ ಆ ನಗು. ತಮ್ಮವಳೆಂದು ರಿಯಾಯಿತಿ ಕೊಟ್ಟರು ಎಂದು ಯಾರೂ ಅನ್ನಬಾರದು.

ಇದು ನಮ್ಮವರ ಹಳೆಯ ಕಾಯಿಲೆ. ಮೇಷ್ಟ್ರ ಮಗ ಅದೇ ಶಾಲೆಯಲ್ಲಿದ್ದರೆ ಅವನಿಗೆ ಬೀಳುವ ಏಟು ಒಂದು ಹೆಚ್ಚು, ಮಾರ್ಕ್ಸ್ ಎರಡು ಕಡಿಮೆ. ಅದನ್ನು ನ್ಯಾಯ ಎಂದು ಎಲ್ಲರೂ ಮೆಚ್ಚಿಕೊಳ್ಳುತ್ತಿದ್ದರು.

"ನನ್ನ ಮಗನಿಗೂ ಇದನ್ನೇ ಮಾಡ್ದೆ," ಎಂದರು. "ದಾರಿ ಸರಿ ಇದ್ದು ಉತ್ತರ ತಪ್ಪಿದ್ರೆ ಊರವರ ಮಕ್ಕಳಿಗೆಲ್ಲ ಸ್ಟೆಪ್ ಮಾರ್ಕ್ಸ್ ಕೊಡ್ತಿದ್ದೆ. ಅವನಿಗೆ ಸೊನ್ನೆ. ಅವನೇನೂ ಅನ್ಲಿಲ್ಲ. ಆದ್ರೆ ಆಮೇಲೆ ಲೆಕ್ಕ ತಂದು ನನ್ನ ಹತ್ರ ತೋರಿಸೋದೇ ಬಿಟ್ಬಿಟ್ಟ."

ಹೋಗಲಿ ಬಿಡಿ ಅಂಕಲ್ ಎಂದೆ. ಒಳಗೊಳಗೆ ಸಿಟ್ಟು ಬಂದಿತ್ತು, ಅದೂ ನಿಜ. ಆ ಕುರ್ಚಿಗೆ ಅವರನ್ನು ಕರೆದೊಯ್ದು ಕೂರಿಸಿದವನು ನಾನೇ ಎಂಬುದು ನೆನಪಾಗಿ ಸಿಟ್ಟು ಅಲ್ಲಿಯೇ ದಣಿಯಿತು.

ಅನಘ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದಳು. ಇಳಿದು ಬಂದು ಇಟ್ಸ್ ಫೈನ್ ತಾತ ಎಂದಳು. ಅವರ ಮುಖ ನೋಡದೆ ಎಂದಳು.

ಮರುದಿನ ಅವರು ಕ್ಲಬ್ಬಿಗೆ ನಡೆದೇ ಹೋದರು. ಟ್ರಕ್‌ಗಳು ಓಡಾಡುವ ರಸ್ತೆ, ಪಕ್ಕದಲ್ಲಿ ಕಾಲುದಾರಿಯಿಲ್ಲ, ಎದುರುಗಾಳಿ. ಕ್ರೇಗ್ ಎಲ್ಲ ಕೇಳಿದ. ನೋಟ್‌ಬುಕ್ಕನ್ನು ಪುಟಪುಟ ತಿರುವಿದ. ಸೀಸನ್ ಮುಗಿದಿದೆ, ಹಾಳೆಗಳು ಹೋಗಿವೆ, ಆದರೂ ಬರೆದು ಕಳಿಸೋಣ ಎಂದ. ಬರೆದರು. ಆಯ್ಕೆಯ ಹೆಂಗಸಿನಿಂದ ಬಹಳ ಮರ್ಯಾದೆಯ ಉತ್ತರ ಬಂತು. ಸ್ಕೋರರ್ ಅವರ ಪ್ರಾಮಾಣಿಕತೆಗೆ ವಂದನೆ, ತೀರ್ಮಾನದಲ್ಲಿ ಬದಲಾವಣೆಯಿಲ್ಲ. ಅದನ್ನು ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡರು. ಸ್ಕೋರ್ ಬರೆಯುವುದನ್ನು ಅಲ್ಲಿಗೆ ಬಿಟ್ಟರು. ಯಾರು ಕರೆದರೂ ಕಣ್ಣು ಸರಿಯಿಲ್ಲ ಎನ್ನುತ್ತಿದ್ದರು. ಅದು ಆಗ ನೆಪ, ಆಮೇಲೆ ನಿಜವಾಯಿತು.

ಗ್ಲವ್ ಗ್ಯಾರೇಜಿಗೆ ಹೋಯಿತು. ಶನಿವಾರ ಭಾನುವಾರ ಊರಿನ ಈ ತುದಿಯಿಂದ ಆ ತುದಿಗೆ ಅನಘಳನ್ನು ಟ್ಯೂಷನ್‌ಗೆ ಬಿಟ್ಟು, ಗ್ಲೆನ್ ವೇವರ್ಲಿ ಸ್ಟೇಷನ್ನಿನ ಹತ್ತಿರ ಕಾರಿನಲ್ಲಿಯೇ ನಿದ್ದೆ ಮಾಡಿ ಕರೆತರುವುದು ನನ್ನ ಕೆಲಸವಾಯಿತು. ಎರಡು ವರ್ಷ ಕಾರಿನಲ್ಲಿ ವಾದವಿರಲಿಲ್ಲ. ಈ ನಡುವೆ ಆಂಟಿಯ ಮಂಡಿ ಹಿಡಿದುಕೊಂಡಿತು. ಮಗ ಸ್ಕೋಫೀಲ್ಡ್ಸ್‌ನಲ್ಲಿ ಕೆಳಗೇ ಒಂದು ರೂಮಿರುವ ಮನೆ ಕಟ್ಟಿಸಿದ್ದ. ಇಬ್ಬರೂ ಅಲ್ಲಿಗೆ ಹೋದರು.

ಓದು ಮುಗಿದ ಬೇಸಿಗೆಯಲ್ಲಿ ಅನಘ ತಾನಾಗಿಯೇ, ತಾತನನ್ನು ನೋಡಿ ಬರೋಣ ಎಂದಳು. ಸಿಡ್ನಿಗೆ ಹಾರಿ, ಅಲ್ಲಿಂದ ಇನ್ನೊಂದು ಯುಗ ಕಾರಿನಲ್ಲಿ ಹೋಗಿ ತಲುಪಿದೆವು. ಒಂದೇ ಅಚ್ಚಿನ ಮನೆಗಳ ಸಾಲು, ಇನ್ನೂ ಮರ ಬೆಳೆಯದ ಬೀದಿ. ಅಂಕಲ್ ಸೊರಗಿ ಹೋಗಿದ್ದರು. ನಡುಗಣ್ಣಿಗೆ ಮಂಜು, ಅಂಚಿನಲ್ಲಿ ಮಾತ್ರ ಕಾಣುತ್ತದೆ, ಆದ್ದರಿಂದ ಮಾತಾಡುವವರ ಕಿವಿಯ ಕಡೆ ನೋಡುತ್ತಾ ಮಾತಾಡುತ್ತಿದ್ದರು. ಆಂಟಿ ಬಿಸಿಬೇಳೆಬಾತ್ ಪಾತ್ರೆಯನ್ನು ಟೇಬಲ್ಲಿಗೆ ತಂದು ಒಂದು ಪುಸ್ತಕದ ಮೇಲಿಟ್ಟರು. ನೋಡಿದರೆ ಅದೇ ನೋಟ್‌ಬುಕ್.

"ಏನೂಂದ್ರೆ, ಇದನ್ನ ಆ ಮಗೂಗೆ ಕೊಟ್ಬಿಡಿ," ಎಂದರು ಆಂಟಿ. "ದಿನಾ ಮುಟ್ಟಿ ಮುಟ್ಟಿ ಒಳಗೆ ಇಡ್ತೀರಿ. ಕಾಣೋದೂ ಇಲ್ಲ."

ಊಟವಾದ ಮೇಲೆ ಅನಘ ಅದನ್ನು ತೆಗೆದುಕೊಂಡು ಅವರ ಪಕ್ಕ ಕೂತಳು. ಅಂಕಲ್ ಆ ಏಳರ ಮಾತು ತೆಗೆದರು. ಪುಟದ ಮೂಲೆ ಮಡಚಿದ್ದರು, ಬೆರಳಿಗೇ ಸಿಗುತ್ತಿತ್ತು. ಏಳೂ ಹಿಟ್, ನಿನ್ನ ತಪ್ಪು ಒಂದೂ ಇಲ್ಲ, ನನ್ನದೇ ಎಂದರು. ಅವಳು ಒಂದೊಂದೇ ಪುಟ ನೋಡಿದಳು. ಚುಕ್ಕಿಯಿಂದ ಕತ್ತರಿ ಗುರುತಿಗೆ ಬೆರಳು ಎಳೆದಳು. ಆ ಬೆರಳು ನೋಡುತ್ತಿದ್ದರೆ ಪ್ರತಿ ಚೆಂಡೂ ಅವಳಿಗೆ ನೆನಪಿದೆ ಎಂದು ಗೊತ್ತಾಗುತ್ತಿತ್ತು. ಹಿಟ್, ಹಿಟ್ ಎಂದು ಎರಡು ಪುಟ ತಿರುವಿದಳು. ಮೂರನೆಯದರಲ್ಲಿ ನಿಂತಳು.

"ನೋ ತಾತ. ಇದು ನಂದೇ."

ಅವರು ತಲೆ ಎತ್ತಿದರು.

"ಹಿಡಿದಿದ್ದು ಓಕೆ. ಎಸೀಬಾರ್ದಿತ್ತು. ಅವಳು ಆಲ್ರೆಡಿ ಬೇಸ್ ಮುಟ್ಟಿದ್ಳು. ನಾನು ಸುಮ್ನೆ ಬಾಲ್ ಇಟ್ಕೊಬೇಕಿತ್ತು. ನೀವು ನೋಡ್ತಿದ್ರಿ ಅಂತ ಎಸೆದೆ."

ಅವಳು ಒಂದೇ ಉಸಿರಿಗೆ ಅಷ್ಟು ಕನ್ನಡ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆರನೆಯದೂ ಅಂಥದೇ ಎಂದಳು. ಉಳಿದ ಐದು ಹಿಟ್.

ಐದು, ಎರಡು. ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿ ಪ್ರಯೋಜನವಿಲ್ಲದ ಕಣ್ಣುಗಳು. ಆದರೂ ಎಡಗಾಜು, ಬಲಗಾಜು, ಮತ್ತೆ ಎಡಗಾಜು. ಮೊದಲು ಜನ ಏನನ್ನುತ್ತಾರೋ ಎಂದು ಏಳನ್ನೂ ಅವಳ ತಲೆಗೆ ಕಟ್ಟಿದ್ದೆ, ಆಮೇಲೆ ಪಾಪ ಹತ್ತಿತೆಂದು ಏಳನ್ನೂ ತೆಗೆದುಬಿಟ್ಟೆ, ಎರಡು ಸಲವೂ ಚೆಂಡನ್ನು ನೋಡಲಿಲ್ಲ ಎಂದರು. ಬೇಸರದಿಂದ ಹೇಳಲಿಲ್ಲ. ಬಹಳ ದೂರ ನಡೆದವರು ಚಪ್ಪಲಿ ಬಿಡುವಾಗ ಹೇಳುವ ಹಾಗೆ ಹೇಳಿದರು.

"ಪುಸ್ತಕ ನಿನ್ನ ಕೈಲೇ ಇರ್ಬೇಕಿತ್ತು ಪುಟ್ಟಿ."

ಅಷ್ಟು ಹೊತ್ತಿಗೆ ಅವರ ಮಗ ಕೆಲಸದಿಂದ ಬಂದಿದ್ದ. ಟೈ ಸಡಿಲಿಸುತ್ತಾ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ. ಬಂದು ಪಕ್ಕದ ಕುರ್ಚಿ ಎಳೆದುಕೊಂಡು, ನನಗೂ ತೋರಿಸು ಎಂದು ಅನಘಳ ಕೈಯಿಂದ ಪುಸ್ತಕ ತೆಗೆದುಕೊಂಡ. ಅಪ್ಪ ಮಗ ಇಬ್ಬರೂ ಒಂದು ಹಾಳೆಯ ಮೇಲೆ ಬಗ್ಗಿದ್ದನ್ನು ನೋಡಿ ಆಂಟಿ ಕಾಫಿ ಬಿಸಿಗಿಟ್ಟರು.

ಹೊರಡುವಾಗ ಅನಘ ಪುಸ್ತಕವನ್ನು ಕೇಳಲಿಲ್ಲ, ಅವರೂ ಕೊಡಲಿಲ್ಲ. ಅದು ಅಲ್ಲಿಯೇ ಇದೆ. ಬಿಸಿ ಪಾತ್ರೆಯ ಉಂಗುರ ಅದರ ರಟ್ಟಿನ ಮೇಲೆ ಹಾಗೆಯೇ ಇರಬೇಕು.

ವೈಕುಂಠ ಸಮಾರಾಧನೆಗೆ ಹೋಗಿ ಬಂದ ಮರುದಿನ ಭಾನುವಾರ. ಅನಘ ಈಗ ಯೂನಿವರ್ಸಿಟಿಯಲ್ಲಿದ್ದಾಳೆ, ಗ್ಯಾರೇಜಿನಿಂದ ಗ್ಲವ್ ತೆಗೆದು ಎಣ್ಣೆ ಹಚ್ಚಿ ಎರಡು ವರ್ಷವಾಯಿತು. ದೊಡ್ಡವರ ತಂಡದಲ್ಲಿ, ರಾಜ್ಯದ ಮಾತೇನೂ ಇಲ್ಲದೆ, ಸುಮ್ಮನೆ ಆಡುತ್ತಾಳೆ. ಸ್ಕೋರ್ ಬರೆಯುವವರು ಯಾರೂ ಇರಲಿಲ್ಲ. ಪ್ರಯಾಣದಿಂದ ಮೈ ನುಗ್ಗಾಗಿತ್ತು, ಕಣ್ಣು ತಾನಾಗಿ ಮುಚ್ಚುತ್ತಿತ್ತು, ಆದರೂ ಹಾಳೆ ನನ್ನ ಕೈಗೆ ಬಂತು.

ಐದನೆಯ ಸುತ್ತಿನಲ್ಲಿ ಒಂದು ಚೆಂಡು ಅವಳ ಬಲಕ್ಕೆ ದೂರ ಹೋಯಿತು. ಓಡಿದಳು, ಜಾರಿದಳು, ಮುಟ್ಟಿದಳು. ಎದ್ದು ನಿಂತಳು. ಎಸೆಯಲಿಲ್ಲ, ಚೆಂಡನ್ನು ಕೈಯಲ್ಲಿಟ್ಟುಕೊಂಡಳು. ಹಿಟ್. ಅದು ಸುಲಭವಾಗಿತ್ತು.

ಅದರ ನಂತರದ್ದು ಸುಲಭವಾಗಿರಲಿಲ್ಲ. ಎರಡು ಹೆಜ್ಜೆಯೋ, ನಾಲ್ಕು ಹೆಜ್ಜೆಯೋ. ಗ್ಲವ್‌ಗೆ ತಾಗಿ ಚೆಂಡು ಆಚೆ ಪುಟಿಯಿತು. ಪಕ್ಕದಲ್ಲಿ ಕೂತಿದ್ದ ಎದುರು ತಂಡದ ಸ್ಕೋರರ್ ನನ್ನ ಕಡೆ ತಿರುಗಿ ಏನು ಬರೆಯುವುದು ಎಂದು ಕೇಳಿದ. ಮಗಳೆಂದು ಹಿಟ್ ಬರೆಯಬೇಕು ಅನಿಸಿತು. ಮಗಳೆಂದು ಎರರ್ ಬರೆಯಬೇಕು ಎಂದೂ ಅನಿಸಿತು. ನನಗೆ ಕನ್ನಡಕವಿಲ್ಲ. ಆದರೂ ಕೈ ಅಂಗಿಯ ತುದಿಗೆ ಹೋಯಿತು. ಅಷ್ಟು ಹೊತ್ತು ಬೇಕಾಗಿತ್ತು. ಅಷ್ಟರಲ್ಲಿ ಚೆಂಡನ್ನು ಇನ್ನೊಂದು ಸಲ ಮನಸ್ಸಿನಲ್ಲಿ ನೋಡಿದೆ, ಯಾರ ಮಗಳು ಎನ್ನುವುದನ್ನು ಬಿಟ್ಟು.

ಎರಡೇ ಹೆಜ್ಜೆ. ಎರರ್ ಎಂದೆ. ಅವನು ತಲೆಯಾಡಿಸಿ ಬರೆದುಕೊಂಡ. ನಾನೂ ಬರೆದೆ.

ಬರೆದು, ಹಾಳೆಯ ಅಂಚಿನ ಖಾಲಿ ಜಾಗದಲ್ಲಿ ಚಿಕ್ಕದೊಂದು ಚೌಕ ಎಳೆದೆ. ಓಡುವ ಮುಂಚೆ ಅವಳು ನಿಂತಿದ್ದ ಕಡೆ ಒಂದು ಚುಕ್ಕಿ ಇಟ್ಟೆ.